ಯಾವ ಹಣ್ಣು, ಹೇಳು?

ಬೆಂಗಳೂರಿನಲ್ಲಿ ಇದ್ದುಕೊಂಡು ‘ನಮ್ಮ ಹಿತ್ತಲು’ ಅನ್ನುವುದಕ್ಕೆ ಸ್ವಲ್ಪ ಭಂಡಧೈರ್ಯ ಬೇಕು. 30-40ರ ಸೈಟಿನಲ್ಲಿ ಮನೆ, ಕಾರು, ಸಂಪು, ಮಾಳಿಗೆಯ ಮೆಟ್ಟಿಲು ಇಷ್ಟೂ ಕೂತ ಮೇಲೆ ಉಳಿಯುವುದನ್ನು ಹಿತ್ತಲು ಎಂದರೆ ಊರಿನ ನೆಂಟರು ಮುಸಿಮುಸಿ ನಗುತ್ತಾರೆ. ನಮ್ಮದು ಹಿಂದುಗಡೆ ನಡೆದಾಡುವಷ್ಟು ಓಣಿ. ಅದರ ಮೂಲೆಯಲ್ಲಿ, ಪಾಯ ಹಾಕಿದ ಮೇಸ್ತ್ರಿಗೆ ಅವತ್ತು ಅದೇನು ದಯೆ ಬಂತೋ, ಒಂದು ಚಾಪೆ ಹಾಸುವಷ್ಟು ಬರೀ ಮಣ್ಣು. ಸಿಮೆಂಟು ಕಾಣದ ಮಣ್ಣು.

ನಾವು ಮನೆ ಕಟ್ಟಿದಾಗ ಸುತ್ತಲೂ ಖಾಲಿ ಸೈಟುಗಳಿದ್ದವು. ಆಮೇಲೆ ಹಿಂದುಗಡೆ ನಾಲ್ಕಂತಸ್ತು ಎದ್ದಿತು. ಎಡಕ್ಕೆ ಹುಡುಗರ ಪೀಜಿ ಬಂತು. ಬಲಗಡೆ ವಕೀಲರೊಬ್ಬರು ಕಾನೂನು ಬಲ್ಲವರಾದ್ದರಿಂದ ಕಾಂಪೌಂಡಿಗೆ ಒಂದಿಂಚೂ ಬಿಡದೆ ಕಟ್ಟಿದರು. ಈಗ ನಮ್ಮ ಮೂಲೆಗೆ ಗಾಳಿ ನುಗ್ಗುವುದಿಲ್ಲ. ಬಿಸಿಲು ಹನ್ನೊಂದರ ಹೊತ್ತಿಗೆ ಗೋಡೆಯಿಂದ ಇಳಿದು, ಊಟದ ಹೊತ್ತಿಗೆ ಎದುರು ಗೋಡೆ ಹತ್ತಿ ಹೋಗಿಬಿಡುತ್ತದೆ. ಚಳಿದೇಶದ ತೋಟಗಾರರು ಹಿಮಗಾಳಿಗೆ ಹೆದರಿ, ನಾಜೂಕಿನ ಗಿಡಗಳಿಗಾಗಿ ದುಡ್ಡು ಸುರಿದು ಎತ್ತರದ ಗೋಡೆ ಕಟ್ಟಿಸಿಕೊಳ್ಳುತ್ತಾರೆ. ನಮಗೆ ನೆರೆಹೊರೆಯವರು ಮೂರು ಕಡೆಯಿಂದಲೂ ಪುಕ್ಕಟೆ ಕಟ್ಟಿಕೊಟ್ಟರು.

ಇಂಥ ಕಡೆ ಏನು ಬೆಳೆಯುತ್ತದೆ? ಗುಲಾಬಿಗೆ ಬೂಷ್ಟು ಹಿಡಿಯಿತು. ಮಲ್ಲಿಗೆ ಬರೀ ಬಳ್ಳಿ ಬಿಟ್ಟು ಹೂವು ಮರೆಯಿತು. ತುಳಸಿ ಬೆಳಕು ಹುಡುಕಿಕೊಂಡು ಉದ್ದಕ್ಕೆ ಹೋಗಿ, ಸೊರಗಿ, ಕೊನೆಗೆ ಮನೆ ಮುಂದಿನ ಕಟ್ಟೆಗೆ ವರ್ಗವಾಯಿತು. ಉಳಿದಿದ್ದು ಒಂದೇ ಒಂದು ಗಿಡ: ನಮ್ಮ ಅತ್ತೆ ತೀರ್ಥಹಳ್ಳಿ ಕಡೆಯ ತಮ್ಮ ಮನೆಯಿಂದ ರಾತ್ರಿ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದ ಮನೋರಂಜಿನಿ. ಮಗನ ಮನೆಗೆ ಶಾಶ್ವತವಾಗಿ ಇರಲು ಬಂದವರು ಬಟ್ಟೆಬರೆಯನ್ನು ಒಂದು ಚೀಲಕ್ಕೆ ತುಂಬಿ ಡಿಕ್ಕಿಗೆ ಹಾಕಿಸಿದ್ದರು. ಗಿಡಕ್ಕೆ ಮಾತ್ರ ಕಿಟಕಿ ಪಕ್ಕದ ಸೀಟು. ಪಕ್ಕದಲ್ಲಿ ಕೂತವರು ಶಿವಮೊಗ್ಗ ದಾಟುವವರೆಗೆ ಸಹಿಸಿ, ಕೊನೆಗೆ "ಅಜ್ಜೀ, ಅದನ್ನ ಕೆಳಗಿಡಬಹುದಲ್ಲ?" ಅಂದರಂತೆ. "ಇಡಬಹುದು, ನಿಮ್ಮ ಬ್ಯಾಗನ್ನೂ ಇಡಬಹುದು" ಅಂತ ಇವರು.

ಮನೋರಂಜಿನಿ ನಮ್ಮ ಸೀಮೆಗೆ ಹೊರಗಿನ ಗಿಡವಲ್ಲ. ದಕ್ಷಿಣ ಭಾರತವೂ ಶ್ರೀಲಂಕೆಯೂ ಅದರ ತವರು. ಆದರೂ ಈಗ ಬೆಂಗಳೂರಿನಲ್ಲಿ ಹತ್ತು ಜನಕ್ಕೆ ತೋರಿಸಿದರೆ ಒಂಬತ್ತು ಜನ "ಇದು ಯಾವ ದೇಶದ್ದು?" ಎಂದು ಕೇಳುತ್ತಾರೆ. ನರ್ಸರಿಯವರ ತಪ್ಪಿಲ್ಲ. ಅವರಿಗೆ ಕೊಳ್ಳುವಾಗಲೇ ಹೂವು ಬಿಟ್ಟು ನಿಂತಿರುವ, ದೂರದಿಂದ ಕಣ್ಣಿಗೆ ಹೊಡೆಯುವ ಗಿಡ ಬೇಕು. ಇದು ಹಾಗಲ್ಲ. ವರ್ಷವಿಡೀ ಒಂದೇ ಕಡುಹಸಿರು, ಉದ್ದನೆಯ ಮಿರುಗುವ ಎಲೆ, ಎಲೆ ಉದುರಿಸಿ ಬೋಳಾಗುವ ಕಾಲವೇ ಇಲ್ಲ. ಹೂವೂ ಹಸಿರು! ಎಲೆಯ ಮರೆಯಲ್ಲಿ ಎಲೆಯದೇ ಬಣ್ಣದ ಹೂವು ತೂಗುತ್ತಿರುತ್ತದೆ. ಆರು ದಪ್ಪ ಎಸಳು, ಹೊರಗೆ ಮೂರು, ಒಳಗೆ ಮೂರು. ಒಳಗಿನ ಮೂರರ ಬುಡ ಕೂಡಿಕೊಂಡು ನಡುವಿನ ಕೇಸರಗಳ ಮೇಲೆ ಪುಟ್ಟ ಗುಮ್ಮಟ ಕಟ್ಟುತ್ತದೆ. ವಾಸನೆಗೆ ಮರುಳಾದ ಚಿಕ್ಕಚಿಕ್ಕ ಜೀರುಂಡೆಗಳು ಹಣ್ಣು ಸಿಕ್ಕಿತೆಂದು ಅದರೊಳಗೆ ನುಸುಳಿ, ಹಣ್ಣಿಲ್ಲದೆ ಪರಾಗ ಮೈಗೆ ಬಳಿದುಕೊಂಡು ಹೊರಬರುತ್ತವೆ. ಹೂವು ಹಸಿರಿದ್ದಾಗ ಗಮ್ಮತ್ತೇನಿಲ್ಲ. ದಿನ ಕಳೆದು ಹಳದಿಗೆ ತಿರುಗಿತೋ, ಸಂಜೆ ಹೊತ್ತಿಗೆ ಹಿತ್ತಲ ಬಾಗಿಲು ತೆರೆದರೆ ಯಾರೋ ಹಣ್ಣಿನ ಬುಟ್ಟಿ ತಂದಿಟ್ಟು ಹೇಳದೆ ಹೋದ ಹಾಗೆ.

ಈ ಗಿಡದ ಅತಿ ಚೆಂದದ ಭಾಗ ಹೂವಲ್ಲ, ತೊಟ್ಟು. ಹತ್ತಿರ ಹೋಗಿ ನೋಡಬೇಕು. ಬೇರೆ ಹೂವುಗಳಿಗೆ ತೊಟ್ಟು ಅಂದರೆ ನೇರ ಕಡ್ಡಿ. ಇದಕ್ಕೆ ಪೂರಾ ಬಾಗಿದ ಕೊಕ್ಕೆ. ಆ ಕೊಕ್ಕೆಯ ಹೊರಮೈಯಿಂದ ಹೂವು ಇಳಿಬಿದ್ದಿರುತ್ತದೆ. ಹೂವು ಉದುರಿದ ಮೇಲೂ ಕೊಕ್ಕೆ ಉದುರುವುದಿಲ್ಲ. ದಪ್ಪಗಾಗಿ, ಮರದಂತೆ ಗಟ್ಟಿಯಾಗಿ, ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತದೆ. ಬಿಟ್ಟರೆ ಪೊದೆ, ಆಸರೆ ಸಿಕ್ಕಿದರೆ ಬಳ್ಳಿ ಎನ್ನುವ ಈ ಗಿಡ ಮೇಲೇರುವುದು ಹೂವು ಬಿಟ್ಟ ಕೈಗಳಿಂದಲೇ. ನಮ್ಮ ಮನೆಯಲ್ಲಿ ಅದು ಮೊದಲು ಕಿಟಕಿಯ ಸರಳು ಹಿಡಿಯಿತು, ಆಮೇಲೆ ಬಟ್ಟೆ ಒಣಹಾಕುವ ತಂತಿ, ಆಮೇಲೆ ಪೀಜಿಯವರ ಇಂಟರ್‌ನೆಟ್ ಕೇಬಲ್. ಆ ಹುಡುಗರಿಗೆ ನೆಟ್ ಹೋದ ರಾತ್ರಿ ಕೇಬಲಿನವನು ಟಾರ್ಚು ಹಿಡಿದು ನಮ್ಮ ಹಿತ್ತಲಿಗೆ ಬಂದ. ಕೊಕ್ಕೆ ಬಿಡಿಸಲು ಎಳೆದ, ತಿರುಚಿದ, ಬುಡದ ಹಳೆ ಕಾಂಡದ ಮುಳ್ಳಿನಿಂದ ಕೈ ಗೀರಿಸಿಕೊಂಡ. ಕೊನೆಗೆ ಇಕ್ಕಳ ಕೆಳಗಿಟ್ಟು, ಮೂಗು ಮೇಲೆತ್ತಿ, "ಮೇಡಂ, ಮನೇಲಿ ಹಲಸಿನಹಣ್ಣು ಕುಯ್ದಿದ್ದೀರಾ?" ಅಂದ.

ಹಲಸು ಅವನ ಉತ್ತರ. ಪ್ರತಿಯೊಬ್ಬರದೂ ಬೇರೆ. ಅತ್ತೆಯ ಶಾಸ್ತ್ರದ ಪ್ರಕಾರ ಹೂವನ್ನು ಸುಮ್ಮನೆ ಮೂಸುವಂತಿಲ್ಲ. "ಮೊದಲು ಮನಸ್ಸಲ್ಲಿ ಒಂದು ಹಣ್ಣು ನೆನೆಸಿಕೋ ಮಾರಾಯ್ತಿ. ಕಣ್ಣು ಮುಚ್ಚು. ಈಗ ಮೂಸು. ಯಾವ ಹಣ್ಣು, ಹೇಳು?" ನೆನೆಸಿದ ಹಣ್ಣಿನ ವಾಸನೆಯನ್ನೇ ಹೂವು ಕೊಡುತ್ತದೆ ಎಂಬುದು ಆ ಕಡೆಯ ನಂಬಿಕೆ. ಮದುವೆಯಾದ ಹೊಸದರಲ್ಲಿ ಅವರ ತೀರ್ಥಹಳ್ಳಿ ಮನೆಯಲ್ಲಿ ನಾನೂ ಈ ಪರೀಕ್ಷೆಗೆ ಕೂತಿದ್ದೆ. ನಾನು ಓದಿದ್ದು ರಸಾಯನಶಾಸ್ತ್ರ. ಪಿಯುಸಿ ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೂ ಆಗಲೇ ಸೇರಿದ್ದೆ. ಸೊಸೆಯ ಸೌಜನ್ಯಕ್ಕೆ "ಮಾವು" ಅಂದೆ. ಅತ್ತೆ ನನ್ನ ಮುಖವನ್ನೊಮ್ಮೆ ನೋಡಿ, "ಯಾವ ಮಾವು?" ಅಂದರು. ನನಗೆ ಆ ಕ್ಷಣಕ್ಕೆ ಬಾದಾಮಿ, ರಸಪುರಿ ಯಾವುದೂ ಹೊಳೆಯಲಿಲ್ಲ. "ಇವಳು ನೆನೆಸಿಯೇ ಇರಲಿಲ್ಲ" ಎಂದು ಅಡುಗೆಮನೆಯವರೆಗೂ ತೀರ್ಪು ಹೋಯಿತು.

ಹಣ್ಣಿನ ವಾಸನೆಯ ವಿಷಯದಲ್ಲಿ ನನ್ನ ವೃತ್ತಿಯೇ ಸ್ವಲ್ಪ ಸಂದೇಹದ್ದು. ಪಿಯುಸಿ ಲ್ಯಾಬಿನಲ್ಲಿ ಎಸ್ಟರ್ ಪರೀಕ್ಷೆ ಅಂತ ಒಂದಿದೆ. ಕೊಟ್ಟ ದ್ರಾವಣಕ್ಕೆ ಆಲ್ಕೋಹಾಲು, ಎರಡು ಹನಿ ತೀವ್ರ ಸಲ್ಫ್ಯೂರಿಕ್ ಆಮ್ಲ ಹಾಕಿ, ಬಿಸಿ ಮಾಡಿ, ನೀರಿಗೆ ಸುರಿದರೆ ಹಣ್ಣಿನ ವಾಸನೆ ಬರಬೇಕು. ಬಂದರೆ ಆಮ್ಲವಿದೆ ಎಂದು ಅರ್ಥ. ಇಡೀ ಕ್ಲಾಸು ರೆಕಾರ್ಡ್ ಪುಸ್ತಕದಲ್ಲಿ ‘ಹಣ್ಣಿನ ವಾಸನೆ ಬಂದಿತು’ ಎಂದು ಬರೆದು ಸಹಿ ಹಾಕಿಸಿಕೊಂಡು ಹೋಗುತ್ತದೆ. ನೆಗಡಿಯಾದವರೂ ಬರೆಯುತ್ತಾರೆ. ಗೈರುಹಾಜರಾದವರೂ ಬರೆಯುತ್ತಾರೆ. ಯಾವ ಹಣ್ಣಿನ ವಾಸನೆ ಎಂದು ಅಲ್ಲಿ ಒಬ್ಬರೂ ಕೇಳಿದ್ದಿಲ್ಲ, ನಾನೂ ಸೇರಿ. ಪರೀಕ್ಷಕರಿಗೆ ಬೇಕಿದ್ದುದು ಹಣ್ಣು, ಅತ್ತೆಗೆ ಬೇಕಿದ್ದುದು ಯಾವ ಮರದ ಹಣ್ಣು. ವಿಜ್ಞಾನಕ್ಕಿಂತ ಅವರ ಲ್ಯಾಬು ಕಟ್ಟುನಿಟ್ಟು.

ಮೊಮ್ಮಗನಿಗೆ ಬುದ್ಧಿ ಬಂದ ಮೇಲೆ ಅವನನ್ನೂ ಕೂರಿಸಿದರು. ಪುಣೆಯಲ್ಲಿ ಹುಟ್ಟಿ ಬೆಳೆದ ಮಗು; ರಜೆಗೆ ಬಂದಿತ್ತು. ಮುತ್ತಜ್ಜಿ ಹೇಳಿದ ಹಾಗೆ ಕಣ್ಣು ಮುಚ್ಚಿತು, ಗಂಭೀರವಾಗಿ ಮೂಸಿತು. "ಬಬಲ್‌ಗಮ್" ಅಂದಿತು. ಅತ್ತೆಗೆ ಅದು ಯಾವ ಸೀಮೆಯ ಹಣ್ಣೆಂದು ಗೊತ್ತಾಗಲಿಲ್ಲ. ಗೊತ್ತಾದ ಮೇಲೆ ಆದ ಬೇಸರ ಎರಡು ದಿನ ಇಳಿಯಲಿಲ್ಲ. ನಾನು ಮೊಮ್ಮಗನ ಪರ ವಾದಿಸಿದೆ. ಬಬಲ್‌ಗಮ್ಮಿನ ಪರಿಮಳಕ್ಕೆ ಒಂದು ಹಣ್ಣು ಅಂತಿಲ್ಲ. ಹಲವು ಎಸ್ಟರುಗಳ ಕಲಬೆರಕೆ ಅದು. ಬಾಳೆಹಣ್ಣಿಗೆ ಅದರ ವಾಸನೆ ಕೊಡುವ ಐಸೊಅಮೈಲ್ ಅಸಿಟೇಟು, ಅನಾನಸನ್ನು ನೆನಪಿಸುವ ಈಥೈಲ್ ಬ್ಯುಟಿರೇಟು, ಇಂಥವೇ. ಮನೋರಂಜಿನಿಯ ಹೂವಿನಿಂದ ಹೊರಡುವುದೂ ಎಸ್ಟರುಗಳ ಬಳಗವೇ. ಹಾಗಾಗಿ ಮಗುವಿನ ಮೂಗು ಸರಿಯಾಗಿಯೇ ಇದೆ ಎಂದೆ. "ಮೂಗು ಸರಿ ಇದೆ, ಮಾರಾಯ್ತಿ. ಅದಕ್ಕೆ ಹಣ್ಣು ಗೊತ್ತಿಲ್ಲ" ಅಂದರು. ಅಟ್ಟದ ಮೇಲೆ ಹುಲ್ಲಿನಲ್ಲಿ ಮುಚ್ಚಿಟ್ಟ ಪುಟ್ಟಬಾಳೆ ಗೊನೆ, ಬಿಸಿಲಿಗೆ ಬಿರಿದ ಹಲಸು, ಮಳೆಯಲ್ಲಿ ನೆನೆದ ಕಾಟುಮಾವು, ಇವನ್ನೆಲ್ಲ ಆ ಮಗು ಎಲ್ಲಿಂದ ನೆನೆಸಿಕೊಳ್ಳಬೇಕು? ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ನೆನೆಸಿದ ಹಣ್ಣು ಸಿಗುತ್ತದೆ ಎಂಬ ಮಾತೂ ಪೂರ್ತಿ ಸುಳ್ಳಲ್ಲ. ಒಂದೇ ದ್ರವಕ್ಕೆ ಒಮ್ಮೆ ‘ಚೀಸ್’ ಎಂದೂ ಇನ್ನೊಮ್ಮೆ ‘ವಾಂತಿ’ ಎಂದೂ ಹೆಸರು ಹೇಳಿ ಮೂಸಿಸಿದ ಪ್ರಯೋಗಗಳಿವೆ. ಅದೇ ಜನ, ಅದೇ ಮೂಗು; ಮೊದಲ ಸಲ ಬಾಯಲ್ಲಿ ನೀರು, ಎರಡನೇ ಸಲ ಮುಖ ಸಿಂಡರಿಸುತ್ತಾರೆ. ವಾಸನೆಯ ವಿಷಯದಲ್ಲಿ ಮೂಗು ಹೇಳಿಕೆಯ ಮಾತು ಕೇಳುವ ಅಂಗ. ಅತ್ತೆ ಯಾವ ಪ್ರಯೋಗವನ್ನೂ ಓದದೆ ಇದನ್ನು ಪ್ರಯೋಗವಾಗಿಯೇ ನಡೆಸುತ್ತಿದ್ದರು.

ಬಡಾವಣೆಯವರಿಗೆ ಗಿಡದ ಬಗ್ಗೆ ಎರಡೇ ಪ್ರಶ್ನೆ. ಒಂದು: ಇದರಿಂದ ಹಾವು ಬರುತ್ತದಂತಲ್ಲ? ಎರಡು: ಶುಗರಿಗೆ ಒಳ್ಳೆಯದಾ?

ಹಾವಿನ ವಿಚಾರದಲ್ಲಿ ವಕೀಲರ ಮನೆಯಾಕೆ ಬಹಳ ದಿನ ನಿದ್ದೆಗೆಟ್ಟರು. ಹೂವಿನ ವಾಸನೆಗೆ ಹಾವು ಓಡಿಬರುವುದಿಲ್ಲ, ಅದು ಬರುವುದಾದರೆ ಇಲಿ ಕಪ್ಪೆ ಹುಡುಕಿಕೊಂಡು, ತಂಪಾದ ದಟ್ಟ ಪೊದೆಯ ಮರೆಗೆ ಎಂದು ನಾನು ಹೇಳಿದ್ದು ಅವರನ್ನು ಇನ್ನಷ್ಟು ಹೆದರಿಸಿತು. ಕೊನೆಗೊಂದು ಮಧ್ಯಾಹ್ನ ಮಾಳಿಗೆಯಿಂದ ಕೂಗಿಕೊಂಡರು. ಹಾವು ಹಿಡಿಯುವ ಹುಡುಗ ಬೈಕಿನಲ್ಲಿ ಕೋಲು ಸಿಕ್ಕಿಸಿಕೊಂಡು ಬಂದ. ಪೀಜಿಯ ಹುಡುಗರೆಲ್ಲ ಬಾಲ್ಕನಿಗೆ ಬಂದು ಮೊಬೈಲು ಎತ್ತಿ ಹಿಡಿದರು. ಪೊದೆ ಸರಿಸಿದರೆ ಮಿರಮಿರ ಮಿಂಚುವ ಒಂದು ಹಾವುರಾಣಿ, ನಾಲ್ಕು ಕಾಲೂ ಸ್ಪಷ್ಟವಾಗಿ ಇರುವಂಥದು, ಇಷ್ಟು ಜನ ಯಾಕೆ ಸೇರಿದ್ದಾರೆಂದು ತಿಳಿಯದೆ ಕೂತಿತ್ತು. ಹುಡುಗ ಬಂದ ಖರ್ಚು ಇಸಕೊಂಡು ಹೋದ. ವಕೀಲರ ಮನೆಯಾಕೆ ಮಾತ್ರ ಇವತ್ತಿಗೂ "ರಾಣಿ ಬಂದಿದೆ ಅಂದ ಮೇಲೆ" ಎಂದು ಮಾತು ನಿಲ್ಲಿಸಿಬಿಡುತ್ತಾರೆ.

ಉಪಯೋಗದ ಪ್ರಶ್ನೆಗೆ ನಮ್ಮನೆಯವರು ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದರು. ಚೀನಾದವರು ಇದನ್ನು ಹಿಂದಿನಿಂದಲೂ ಮಲೇರಿಯಾಕ್ಕೆ ಬಳಸುತ್ತಿದ್ದರು, 1979ರಲ್ಲಿ ಅಲ್ಲಿನ ವಿಜ್ಞಾನಿಗಳು ಇದರ ಬೇರಿನಿಂದ ಯಿಂಗ್‌ಝಾವೋಸು ಎಂಬ ಮಲೇರಿಯಾ ವಿರೋಧಿ ವಸ್ತುವನ್ನು ಬೇರ್ಪಡಿಸಿದರು ಎಂದು. ಮಾತು ನಿಜ. ಆದರೆ ಅದನ್ನು ಪಾರ್ಕಿನಲ್ಲಿ ವಾಕಿಂಗ್ ಗುಂಪಿನ ಮುಂದೆ ಹೇಳಬಾರದಿತ್ತು. ಮಾರನೇ ಬೆಳಿಗ್ಗೆ ಒಬ್ಬರು ಕೈಯಲ್ಲಿ ಗುದ್ದಲಿಯಿಲ್ಲದಿದ್ದರೂ ಪ್ಲಾಸ್ಟಿಕ್ ಚೀಲ ಹಿಡಿದು ಗೇಟಿನ ಹತ್ತಿರ ನಿಂತಿದ್ದರು. "ಒಂಚೂರು ಬೇರು ಸಿಗಬಹುದಾ ಸಾರ್? ಸೊಳ್ಳೆ ಜಾಸ್ತಿ ಆಗಿದೆ." ಬೇರು ಕಿತ್ತರೆ ಗಿಡ ಉಳಿಯುವುದಿಲ್ಲ, ಮನೆಯಲ್ಲಿ ಕಷಾಯ ಮಾಡಿ ಕುಡಿಯುವಂಥದಲ್ಲ ಎಂದು ತಿಳಿಹೇಳುವಷ್ಟರಲ್ಲಿ ಕಾಫಿ ಆರಿತು. ಈಗ ಯಾರು ಕೇಳಿದರೂ ಅವರು "ಉಪಯೋಗ ಏನೂ ಇಲ್ಲ" ಅನ್ನುತ್ತಾರೆ. ಗಿಡದ ಆರೋಗ್ಯಕ್ಕೆ ಇದೇ ಒಳ್ಳೆಯದು.

ಹಾಗೆ ನೋಡಿದರೆ ಇದರ ನೆಂಟರೆಲ್ಲ ಉಪಯೋಗಕ್ಕೆ ಬಂದವರೇ. ಸೀತಾಫಲ, ರಾಮಫಲ ಇದರ ಕುಟುಂಬದವು. ಲಿನೇಯಸನ ಮಗ ಇದಕ್ಕೆ ಹೆಸರಿಟ್ಟಾಗ ಸೀತಾಫಲದ ಅನೋನಾ ಕುಲಕ್ಕೇ ಸೇರಿಸಿದ್ದ. ದುಬಾರಿ ಸೆಂಟುಗಳಿಗೆ ಬೀಳುವ ಇಲಾಂಗ್ ಇಲಾಂಗ್ ಇನ್ನೊಂದು ದಾಯಾದಿ. ನಮ್ಮ ಬೀದಿಯುದ್ದಕ್ಕೂ ಕಂಬದ ಹಾಗೆ ನಿಂತ, ಅಶೋಕ ಎಂದು ಕರೆಸಿಕೊಳ್ಳುವ ಮರವೂ ಈ ಕುಟುಂಬದ್ದೇ. ಈ ಮನೆತನದ ಎಲೆ ತಿಂದೇ ಬದುಕುವ ಟೇಲ್ಡ್ ಜೇ ಎಂಬ ಹಸಿರು ಚುಕ್ಕೆಯ ಚಿಟ್ಟೆ ಬೀದಿಯ ಅಶೋಕದಿಂದ ನಾಲ್ಕಂತಸ್ತು ದಾಟಿ ನಮ್ಮ ಮೂಲೆಗೆ ಇಳಿಯುತ್ತದೆ. ಹೇಗೆ ಪತ್ತೆ ಹಚ್ಚುತ್ತದೋ! ಕೂತಲ್ಲಿ ಕೂರುವುದಿಲ್ಲ, ಹೂವಿನ ಮೇಲೆ ಇದ್ದಾಗಲೂ ರೆಕ್ಕೆ ಬಡಿಯುತ್ತಲೇ ಇರುತ್ತದೆ. ಅದರ ಹುಳು ಚಿಗುರನ್ನೆಲ್ಲ ತಿಂದು ಮುಗಿಸಿದಾಗ ನಮ್ಮನೆಯವರು ಔಷಧಿ ಹೊಡೆಯೋಣವೆಂದರು. ಅತ್ತೆ ಒಪ್ಪಲಿಲ್ಲ. "ಅದೂ ಊಟಕ್ಕೆ ಬಂದಿದೆ. ಎಲೆ ಹಾಕಿದ ಮೇಲೆ ಎಬ್ಬಿಸ್ತಾರೇನು?"

ಒಮ್ಮೆ ಹೂವಿನ ಫೋಟೋ ತೆಗೆದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದೆ. ಹೈದರಾಬಾದಿನ ನಾದಿನಿ "ಎಲೆ ಚೆನ್ನಾಗಿದೆ ಅತ್ತಿಗೆ" ಅಂದಳು. ಇನ್ನೊಬ್ಬರು "ಹೂವೆಲ್ಲಿ?" ಅಂದರು. ಮತ್ತೊಬ್ಬರು ಕೈಮುಗಿದ ಚಿತ್ರ ಕಳಿಸಿದರು. ಅವರು ಎಲ್ಲದಕ್ಕೂ ಅದನ್ನೇ ಕಳಿಸುತ್ತಾರೆ. ಬಣ್ಣವಿಲ್ಲ, ಮಾಲೆಗೆ ಬರುವಷ್ಟು ಹೂವು ಒಟ್ಟಿಗೆ ಅರಳುವುದಿಲ್ಲ, ಫೋಟೋಕ್ಕೆ ಸಿಗುವುದಿಲ್ಲ, ವಾಸನೆಯನ್ನು ಫಾರ್ವರ್ಡ್ ಮಾಡಲಾಗುವುದಿಲ್ಲ. ಮೂಸಬೇಕೆಂದರೆ ನಮ್ಮ ಮನೆಗೇ ಬರಬೇಕು. ಚದರಡಿಗೆ ಇಷ್ಟು ಎಂದು ಲೆಕ್ಕ ಹಾಕುವ ಊರಿನಲ್ಲಿ ಅಷ್ಟು ಜಾಗವನ್ನು ಇಂಥ ಗಿಡಕ್ಕೆ ಬಿಟ್ಟುಕೊಟ್ಟಿರುವುದು ನಮ್ಮ ಮನೆಯ ಏಕೈಕ ಐಷಾರಾಮ. ಅಲ್ಲಿ ವಾಷಿಂಗ್ ಮಷೀನಿಗೆ ಶೆಡ್ ಹಾಕಿಸಿ ಎಂದು ಸಲಹೆ ಕೊಟ್ಟವರ ಪಟ್ಟಿ ಉದ್ದವಿದೆ.

2021ರ ಮೇ ತಿಂಗಳಲ್ಲಿ ಮನೆಮಂದಿಗೆಲ್ಲ ಕೊರೋನಾ ಬಂತು. ದೊಡ್ಡ ಕಷ್ಟವೇನೂ ಆಗಲಿಲ್ಲ, ಮೂರು ಜನರ ಮೂಗು ಮಾತ್ರ ಒಟ್ಟಿಗೆ ಮುಷ್ಕರ ಹೂಡಿತು. ಕಾಫಿ ಬಿಸಿನೀರಾಯಿತು. ಇಂಗು ಇದ್ದೂ ಇಲ್ಲದಂತಾಯಿತು. ಡಾಕ್ಟರು ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಈ ನಾಲ್ಕನ್ನು ದಿನಕ್ಕೆರಡು ಬಾರಿ ನೆನಪಿಟ್ಟು ಮೂಸಿ, ಮೂಗಿಗೆ ಮರಳಿ ಪಾಠವಾಗುತ್ತದೆ ಎಂದರು. ಲಾಕ್‌ಡೌನಿನಲ್ಲಿ ಗುಲಾಬಿ ಎಣ್ಣೆ ಎಲ್ಲಿ ಹುಡುಕುವುದು? ಅತ್ತೆ ಹಿತ್ತಲಿನಿಂದ ಹಳದಿಗೆ ತಿರುಗಿದ ಒಂದು ಹೂವು ಕಿತ್ತು ತಂದರು. ಬೆಳಿಗ್ಗೆ ಸಂಜೆ ಊಟದ ಮೇಜಿನ ಸುತ್ತ ಕೂತು ಹೂವು ಕೈಯಿಂದ ಕೈಗೆ ದಾಟುತ್ತಿತ್ತು. "ಯಾವ ಹಣ್ಣು, ಹೇಳು?" ಯಾರಿಗೂ ಯಾವುದೂ ಇಲ್ಲ. ಮೊದಲು ನನಗೆ ಮರಳಿತು, ಅದೂ ಸುಟ್ಟ ರಬ್ಬರಿನ ರೂಪದಲ್ಲಿ. ನಮ್ಮನೆಯವರು ದಿನವೂ ಠೀವಿಯಿಂದ "ಮಾವು" ಅನ್ನುತ್ತಿದ್ದರು. ನಂಬಿ ಖುಷಿಪಟ್ಟೆವು. ಆಮೇಲೊಂದು ಸಂಜೆ ಅವರ ಮುಂದೆಯೇ ಒಲೆಯ ಮೇಲೆ ಹಾಲು ಹೊತ್ತಿಹೋಗುತ್ತಿತ್ತು. ಅವರು ಪೇಪರು ಓದುತ್ತಿದ್ದರು.

ಕೊನೆಗೆ ನಮ್ಮಿಬ್ಬರದೂ ಸರಿಯಾಯಿತು. ಅತ್ತೆಯದು ಬರಲಿಲ್ಲ. ಎಂಬತ್ತು ದಾಟಿದ ಮೂಗು, ಮೊದಲೇ ಸವೆದಿತ್ತು. ಆದ ನಷ್ಟ ಆಗಿಹೋಯಿತು. ಅವರು ಅದನ್ನು ದೊಡ್ಡ ವಿಷಯ ಮಾಡಲಿಲ್ಲ. ಒಗ್ಗರಣೆಯ ಸಾಸಿವೆ ಸದ್ದಿನಲ್ಲಿ ಗೊತ್ತಾಗುತ್ತದೆ ಅಂದರು. ಹೂವು ಯಾವಾಗ ಕೀಳಬೇಕೆಂಬುದನ್ನು ಬಣ್ಣ ನೋಡಿ, ಎಸಳನ್ನು ಬೆರಳಿನಲ್ಲಿ ಒತ್ತಿ ತಿಳಿಯುತ್ತಾರೆ. ಕೊಕ್ಕೆಯಿಂದ ಮೆಲ್ಲಗೆ ಬಿಡಿಸಿ ತಂದು ನಮಗೆ ಕೊಡುತ್ತಾರೆ. ಪ್ರಶ್ನೆ ಮಾತ್ರ ಅದೇ. ಮುಂಚೆಗಿಂತ ಈಗ ಇನ್ನೂ ಹೆಚ್ಚು ವಿವರ ಬೇಕು. ಹಲಸು ಅಂದರೆ ಬಕ್ಕೆಯೋ ಅಂಬಲಿಯೋ. ಬಾಳೆ ಅಂದರೆ ಇವತ್ತು ಹಣ್ಣಾಗಿದ್ದೋ, ನಿನ್ನೆಯದೋ. ಕಾಟುಮಾವು ಅಂದರೆ ಹೊಳೆ ಬದಿಯ ಮರದ್ದೋ, ಗದ್ದೆಯಂಚಿನದೋ. ನಮ್ಮನೆಯವರು ಗಣಿತ ಓದಿದವರು, ಇಂಥದರಲ್ಲಿ ಕಲ್ಪನೆ ಕಡಿಮೆ. ಆದರೂ ಈಗ ಕಣ್ಣು ಮುಚ್ಚಿ ನಿಜವಾಗಿಯೂ ಯೋಚಿಸಿ, "ಗದ್ದೆಯಂಚಿನದು ಅಮ್ಮಾ, ಸ್ವಲ್ಪ ಸೊನೆ ವಾಸನೆಯೂ ಇದೆ" ಅನ್ನುತ್ತಾರೆ. ಅತ್ತೆ ತಲೆದೂಗುತ್ತಾರೆ. "ಅದೇ. ಆ ಮರದ್ದು ತೊಟ್ಟು ಮುರಿದ ಕೂಡಲೇ ತಿನ್ನಬಾರದು." ಆ ಮರವನ್ನು ಕಡಿದು ಎಷ್ಟೋ ಕಾಲವಾಯಿತು. ಮೇಜಿನ ಸುತ್ತ ಇರುವ ಮೂವರಿಗೂ ಗೊತ್ತು.

ಇಷ್ಟು ಹೇಳಿದ ಮೇಲೆ ಬೆಳೆಸುವ ಕ್ರಮ ಹೇಳದಿದ್ದರೆ ತಪ್ಪಾದೀತು. ಬೀಜ ಹಾಕಿ ಕಾಯುವ ತಾಳ್ಮೆ ಬಹಳ ಜನಕ್ಕಿರುವುದಿಲ್ಲ, ನಿಧಾನಕ್ಕೆ ಮೊಳೆಯುತ್ತದೆ. ಗೂಟಿ ಕಟ್ಟುವುದು ವಾಸಿ. ಮುಂಗಾರು ಹಿಡಿದ ಮೇಲೆ ಪೆನ್ಸಿಲಿಗಿಂತ ಸ್ವಲ್ಪ ದಪ್ಪದ ಕೊಂಬೆ ಆರಿಸಿ, ಒಂದಂಗುಲದಷ್ಟು ತೊಗಟೆ ಸುತ್ತಲೂ ತೆಗೆದು, ಒದ್ದೆ ಮಾಡಿದ ಪಾಚಿಯನ್ನೋ ತೆಂಗಿನ ನಾರಿನ ಪುಡಿಯನ್ನೋ ಮೆತ್ತಿ, ಪ್ಲಾಸ್ಟಿಕ್ ಸುತ್ತಿ ಎರಡೂ ತುದಿ ಬಿಗಿಯಬೇಕು. ಎರಡು ಮೂರು ತಿಂಗಳಿಗೆ ಬಿಳಿಬೇರು ಪ್ಲಾಸ್ಟಿಕ್ಕಿನೊಳಗೆ ಕಾಣುತ್ತದೆ. ಆಮೇಲೆ ಕೆಳಗೆ ಕತ್ತರಿಸಿ ಕುಂಡಕ್ಕೆ. ಪೂರ್ತಿ ಬಿಸಿಲು ಬೇಡ, ಗೋಡೆಯ ಮರೆ ಆದೀತು. ಗೊಬ್ಬರ ಸಗಣಿಯದು ಸಾಕು, ನೀರು ನಿಲ್ಲಬಾರದು. ವರ್ಷಕ್ಕೊಮ್ಮೆ ಕತ್ತರಿ ಆಡಿಸದಿದ್ದರೆ ನಿಮ್ಮ ಕೇಬಲಿಗೆ ನೀವೇ ಹೊಣೆ.

ಈ ಮಳೆಗಾಲದಲ್ಲಿ ಅತ್ತೆ ಕೂತು ಹೇಳಿ, ನಾನು ಏಣಿ ಹತ್ತಿ ಕಟ್ಟಿದ ಗೂಟಿಗಳಲ್ಲಿ ಕೆಲವು ಬೇರು ಬಿಟ್ಟಿವೆ. ಮೂಲೆಯಲ್ಲಿ ಒಂದು ಹಿಡಿ ಬರಿಮಣ್ಣು ಉಳಿಸಿಕೊಂಡವರು ಯಾರಾದರೂ ಇದ್ದರೆ ಬಂದು ತೆಗೆದುಕೊಂಡು ಹೋಗಿ. ದುಡ್ಡು ಬೇಡ, ಕುಂಡ ನೀವೇ ತನ್ನಿ. ಮೊದಲ ಹೂವು ಹಳದಿಯಾದ ದಿನ ಅತ್ತೆಗೆ ಯಾವ ಹಣ್ಣು ಎಂದು ತಿಳಿಸಬೇಕು, ಅದೊಂದೇ ಷರತ್ತು. ಫೋಟೋ ಕಳಿಸಬೇಡಿ, ಫೋನ್ ಮಾಡಿ. ಯಾವ ಮರದ್ದು ಎಂದು ಕೇಳುತ್ತಾರೆ, ಮೊದಲೇ ಯೋಚಿಸಿಟ್ಟುಕೊಳ್ಳಿ.